ನಾಲ್ಕು ತಾಲೂಕುಗಳ ಹೆಣ್ಣುಮಕ್ಕಳ ಆರೋಗ್ಯ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಮಹಾರಾಷ್ಟ್ರದ ಬೀಡ ಮೊದಲಾದ ಬರಪೀಡಿತ ಜಿಲ್ಲೆಗಳಿಂದ ಕಬ್ಬು ಕಡಿಯುವವರ ತಂಡಗಳು ಬೆಳಗಾವಿ ಜಿಲ್ಲೆಯ ಹೊಲಗಳಿಗೆ ಬಂದಿಳಿಯುವದನ್ನು ನಮ್ಮ ವಾಚಕರು ಪ್ರತಿವರ್ಷವೂ ಕಾಣುತ್ತಾರೆ. ಗುತ್ತಿಗೆದಾರನ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಕೂಡಿ ಒಂದೇ 'ಕೊಯ್ತಾ'. ಒಬ್ಬರು ಒಂದು ದಿನ ತಪ್ಪಿದರೆ ಕೂಲಿಗೂ ಕತ್ತರಿ, ಮೇಲೆ ದಂಡ. ಹೀಗಿರುವಾಗ ತಿಂಗಳ ಮುಟ್ಟೇ ಆ ಹೆಣ್ಣುಮಕ್ಕಳಿಗೆ ನಷ್ಟದ ಬಾಬಾಗಿ ಪರಿಣಮಿಸಿತು. 2019ರಲ್ಲಿ ಮಹಾರಾಷ್ಟ್ರ ಸರಕಾರವು ನೇಮಿಸಿದ ಸಮಿತಿಯ ಮುಂದೆ ಬಂದ ಲೆಕ್ಕವನ್ನು ಓದಿದರೆ ಎದೆ ಜಲ್ಲೆನ್ನುತ್ತದೆ. ಬೀಡ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಕಬ್ಬು ಕಡಿಯುವ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಚೀಲವನ್ನು ಕೊಯ್ದು ತೆಗೆಯಲಾಗಿತ್ತು. ಅಂದರೆ ಸುಮಾರು ಆರು ಜನರಲ್ಲಿ ಒಬ್ಬಳಿಗೆ.

ಇದು ಮರಾಠೀ ಸೀಮೆಯ ಮಾತು, ನಮಗೇಕೆ ಎಂದು ಬೈಲಹೊಂಗಲದ ಸಾಹುಕಾರರಾಗಲಿ ಕಿತ್ತೂರಿನ ವಕೀಲರಾಗಲಿ ಪತ್ರಿಕೆಯನ್ನು ಮಡಿಸಿಡಬಾರದು. ಆ ಕಬ್ಬು ಅರೆಯುವ ಕಾರಖಾನೆಗಳು ನಮ್ಮ ಜಿಲ್ಲೆಯಲ್ಲಿಯೂ ಇವೆ. ನಮ್ಮ ನಾಡಿನಲ್ಲಿಯೇ ಕಲಬುರ್ಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಇಂಥದೇ ದೂರನ್ನು ಹೊತ್ತು ಬೀದಿಗಿಳಿದರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ 'ತೆಗೆಯದಿದ್ದರೆ ಕ್ಯಾನ್ಸರ್ ಆಗುವದು' ಎಂಬ ಭಯ ಹುಟ್ಟಿಸಿ ಕತ್ತಿಯ ಕೆಳಗೆ ಕೂಡ್ರಿಸಿದರೆಂಬುದೇ ಆ ದೂರಿನ ತಿರುಳು. ಕೇಂದ್ರ ಸರಕಾರವು 2022ರಲ್ಲಿ ಅನಾವಶ್ಯಕವಾಗಿ ಗರ್ಭಚೀಲ ತೆಗೆಯುವದನ್ನು ತಡೆಯಲು ಮಾರ್ಗಸೂಚಿಯನ್ನು ಹೊರಡಿಸಿತು. ಮರುವರ್ಷ, 2023ರ ಎಪ್ರಿಲದಲ್ಲಿ, ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರತಕ್ಕದ್ದೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಕಾಗದದ ಮೇಲೆ ಕೆಲಸ ಮುಗಿಯಿತು. ಆದರೆ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳೊಬ್ಬಳು ಬಿಳಿಸೆರಗಿನ ಬೇನೆಯಿಂದ ಕತ್ತಿಯ ವರೆಗೆ ಬಂದು ಮುಟ್ಟುವ ದಾರಿ ಯಾವದೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಆ ದಾರಿ ನಮ್ಮ ಮನೆಗಳ ಮೌನದಿಂದಲೇ ಹೊರಡುತ್ತದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ದೈನಿಕದ ಅಗ್ರಲೇಖನದಲ್ಲಿ ಬರೆಯತಕ್ಕ ವಿಷಯವೇ ಇದು ಎಂದು ಮುಖ ಸಿಂಡರಿಸುವ ಸಭ್ಯರಿದ್ದಾರೆ. ಅವರಲ್ಲಿ ಕ್ಷಮೆ ಬೇಡಿ ಮುಂದೆ ಸಾಗುತ್ತೇವೆ. ಎತ್ತಿನ ಕಾಲುಬಾಯಿ ಬೇನೆಯ ಬಗ್ಗೆ ಕಟ್ಟೆಯ ಮೇಲೆ ಕುಳಿತು ಒಂದು ತಾಸು ಚರ್ಚಿಸಬಲ್ಲ ನಾವು ಹೆತ್ತ ಮಗಳ ಬೇನೆಯ ಹೆಸರು ಹೇಳಲು ತೊದಲುತ್ತೇವೆ.

ಮೊದಲು ಸ್ವಸ್ಥ ಸ್ಥಿತಿ ಯಾವದೆಂಬುದನ್ನು ತಿಳಿಯಬೇಕು. ಹರೆಯಕ್ಕೆ ಬಂದ ಪ್ರತಿಯೊಬ್ಬ ಹೆಣ್ಣುಮಗಳ ಯೋನಿಯಿಂದಲೂ ತುಸು ದ್ರವ ಹೋಗುವದು ಪ್ರಕೃತಿಧರ್ಮ. ಮೊಸರನ್ನು ಹೆಪ್ಪುಗಟ್ಟಿಸುವ ಜೀವಿಗಳ ಕುಲಕ್ಕೇ ಸೇರಿದ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಸಿ ಒಂದು ಬಗೆಯ ಹುಳಿಯನ್ನು ಹುಟ್ಟಿಸುತ್ತವೆ. ಆ ಹುಳಿಯೇ ಬೇರೆ ರೋಗಾಣುಗಳನ್ನು ಬಾಗಿಲಲ್ಲಿ ತಡೆಯುವ ಕಾವಲುಗಾರ. ತಿಂಗಳ ನಡುವೆ ಈ ದ್ರವವು ತಿಳಿಯಾಗಿ ಎಳೆಎಳೆಯಾಗಿರುತ್ತದೆ, ಬಸಿರಿನಲ್ಲಿ ಹೆಚ್ಚಾಗುತ್ತದೆ, ಮುಟ್ಟು ನಿಂತ ಮೇಲೆ ಕಡಿಮೆಯಾಗಿ ಉರಿಯೂ ಒಣಗೂ ಉಂಟಾಗಬಹುದು. ಇದರಲ್ಲಿ ಎಲುಬು ಕರಗಿ ಹೋಗುವದೆಂಬ ನಂಬಿಗೆಗೆ ಏನೂ ಆಧಾರವಿಲ್ಲ. ಅಲ್ಲಿನ ಶುದ್ಧಿಯ ಕೆಲಸವನ್ನು ದೇಹವು ತಾನೇ ಮಾಡಿಕೊಳ್ಳುತ್ತದೆ. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದರೆ ಸಾಕು. ಒಳಗೆ ಸಾಬೂನು, ಉಪ್ಪುನೀರು, ವಾಸನೆಯ ದ್ರಾವಣಗಳನ್ನು ಹಾಕಿ ತೊಳೆಯುವವರು ಕಾವಲುಗಾರನನ್ನೇ ಹೊರಗಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ ಮಾಡುತ್ತಾರೆ. ಜಾಹೀರಾತುಗಳಲ್ಲಿ ಬರುವ ಸುಗಂಧದ ಬಾಟಲಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಬೇನೆಯ ಗುರುತು. ಒಡೆದ ಹಾಲಿನ ಗಸಿಯಂತೆ ಗಟ್ಟಿಯಾಗಿ ಹೋಗಿ ವಿಪರೀತ ತುರಿಕೆಯಿದ್ದರೆ ಅದು ಬಹುಮಟ್ಟಿಗೆ ಬೂಷ್ಟಿನ ಜಾತಿಯ ಸೋಂಕು. ಸಕ್ಕರೆ ಬೇನೆಯವರಿಗೆ ಅದು ಮೇಲಿಂದ ಮೇಲೆ ಮರುಕಳಿಸುತ್ತದೆ. ಬೂದುಬಣ್ಣದ ನೀರು ಹೋಗಿ ಮೀನಿನ ನಾತ ಹೊಡೆದರೆ ಒಳಗಿನ ಜೀವಿಗಳ ಸಮತೋಲ ಕೆಟ್ಟಿದೆಯೆಂದು ತಿಳಿಯಬೇಕು. ಹಳದಿ-ಹಸಿರು ಬಣ್ಣ, ನೊರೆ, ಉರಿ ಇದ್ದರೆ ಗಂಡನಿಂದ ಬಂದ ಸೋಂಕಿನ ಶಂಕೆ ಪಡತಕ್ಕದ್ದು. ಇವು ಮೂರಕ್ಕೂ ಔಷಧವು ಹಲವು ಸಲ ಒಂದೆರಡು ಗುಳಿಗೆಯ ಮಾತು, ಹೆಚ್ಚೆಂದರೆ ಒಂದು ವಾರದ್ದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯವರು ಇದಕ್ಕಾಗಿ ಸರಕಾರೀ ದವಾಖಾನೆಗಳಲ್ಲಿ ಸುರಕ್ಷಾ ಕ್ಲಿನಿಕ್ಕುಗಳನ್ನು ತೆರೆದು, ಓದಲು ಬಾರದವರಿಗೂ ತಿಳಿಯುವಂತೆ ಬಣ್ಣಬಣ್ಣದ ಔಷಧದ ಪೊಟ್ಟಣಗಳನ್ನು ಗೊತ್ತುಪಡಿಸಿದರು. ಬಿಳಿಸೆರಗಿಗೆ ಹಸಿರು ಪೊಟ್ಟಣ, ಬೆಲೆ ಸೊನ್ನೆ. ಹಸಿರು ಪೊಟ್ಟಣದಲ್ಲಿ ಮುಗಿಯಬೇಕಾದ ಬೇನೆಯು ಹೊಲ ಒತ್ತೆಯಿಟ್ಟು ಮಾಡಿಸುವ ಶಸ್ತ್ರಕ್ರಿಯೆಯಲ್ಲಿ ಮುಗಿಯುವದೆಂದರೆ ಅದಕ್ಕಿಂತ ಅನ್ಯಾಯ ಯಾವದು? ಎಳೆವಯಸ್ಸಿನಲ್ಲಿ ಗರ್ಭಚೀಲದೊಂದಿಗೆ ಅಂಡಾಶಯಗಳನ್ನೂ ತೆಗೆಯಿಸಿಕೊಂಡವಳಿಗೆ ಎಲುಬು ಸವೆಯುವದು, ಹೃದಯದ ಬೇನೆ ಬರುವದು ಬೇಗನೆ. ಈ ಮಾತನ್ನು ಕೊಯ್ಯುವ ಮುಂಚೆ ಎಷ್ಟು ಜನ ಡಾಕ್ಟರರು ಹೇಳುತ್ತಾರೆ?

ಗಂಡಸರಿಗೂ ಒಂದು ಮಾತು. ಸೋಂಕು ಗಂಡನಿಂದ ಬಂದದ್ದಾದರೆ ಹೆಂಡತಿಯೊಬ್ಬಳಿಗೇ ಗುಳಿಗೆ ನುಂಗಿಸಿ ಪ್ರಯೋಜನವಿಲ್ಲ. ಇಬ್ಬರೂ ಕೂಡಿಯೇ ಔಷಧ ತೆಗೆದುಕೊಳ್ಳಬೇಕು. ಇಲ್ಲವಾದರೆ ತಿಂಗಳು ಕಳೆಯುವದರೊಳಗೆ ಬೇನೆ ತಿರುಗಿ ಬರುತ್ತದೆ. ತಮ್ಮ ಪಾಲಿನ ಪೊಟ್ಟಣವನ್ನು ಕಿಸೆಯಲ್ಲಿಯೇ ಇಟ್ಟುಕೊಂಡು ಮರೆಯುವ ಯಜಮಾನರ ಸಂಖ್ಯೆ ನಮ್ಮಲ್ಲಿ ಕಡಿಮೆಯಿಲ್ಲ.

ಈ ಮೌನದ ಅಳತೆಯನ್ನು ತೆಗೆದವರು ಡಾಕ್ಟರ ಅಭಯ ಬಂಗ ಮತ್ತು ಡಾಕ್ಟರ ರಾಣಿ ಬಂಗ ದಂಪತಿಗಳು. ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಣ್ಣುಮಕ್ಕಳನ್ನು ಪರೀಕ್ಷಿಸಿ ಅವರು 1989ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಕಣ್ಣು ತೆರೆಯಿಸಿತು. ನೂರಕ್ಕೆ 92 ಜನರಿಗೆ ಈ ಬಗೆಯ ಒಂದಿಲ್ಲೊಂದು ಬೇನೆಯಿತ್ತು. ಅದಕ್ಕೂ ಮುಂಚೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 8 ಮಾತ್ರ. ಮುಂದೆ ಗೋವೆಯಲ್ಲಿ ನಡೆದ ಶೋಧನೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಬಿಳಿಸೆರಗೆಂದು ದೂರುವವರಲ್ಲಿ ಬಹಳ ಜನರಿಗೆ ಸೋಂಕೇ ಇರಲಿಲ್ಲ. ಇದ್ದದ್ದು ಮನಸ್ಸಿನ ಕೊರಗು, ಮೈಯ ದಣಿವು. ದವಾಖಾನೆಯಲ್ಲಿ ಗುಳಿಗೆಗಿಂತ ಮೊದಲು ಕೇಳುವ ಕಿವಿ ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ನಮ್ಮ ಸೀಮೆಯಲ್ಲಂತೂ ಈ ನಾಚಿಕೆಗೆ ಶಾಸ್ತ್ರದ ನೆಪವನ್ನು ಹೇಳುವದಕ್ಕೆ ಆಸ್ಪದವಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು; ಅವುಗಳಲ್ಲಿ ರಜಸ್ಸೂತಕವೂ ಒಂದು. ಬಸವಣ್ಣನವರ ಹೆಸರು ಹೇಳಿ ದಿನವನ್ನಾರಂಭಿಸುವ ಮನೆಗಳಲ್ಲಿಯೂ ಮಗಳು ಮುಟ್ಟಿನ ಅರಿವೆಯನ್ನು ಕತ್ತಲೆಯ ಮೂಲೆಯಲ್ಲಿ, ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಹಸಿಹಸಿಯಾಗಿಯೇ ಆರಹಾಕುತ್ತಾಳೆ. ಹಸಿ ಅರಿವೆಯಲ್ಲಿ ಬೂಷ್ಟು ಬೆಳೆಯದೆ ಇನ್ನೇನು ಬೆಳೆದೀತು? ಬೈಲಹೊಂಗಲವು ಹತ್ತಿಯ ಪೇಟೆ. ರಾಮದುರ್ಗ ಸುರೇಬಾನಗಳಲ್ಲಿ ಮಗ್ಗದ ಸಪ್ಪಳ ಕೇಳಿಸುತ್ತದೆ. ಇಂಥ ನಾಡಿನ ಹೆಣ್ಣುಮಗಳಿಗೆ ನಾಲ್ಕು ಮೊಳ ಮೆತ್ತನೆಯ ಶುಭ್ರ ಹತ್ತಿಯ ಬಟ್ಟೆಯೂ ಅದನ್ನು ಬಿಸಿಲಿಗೆ ಹರಡಲು ಒಂದು ಹಗ್ಗವೂ ದೊರೆಯಬಾರದೇ? ಶಾಲೆಯ ಹುಡುಗಿಯರಿಗಾಗಿ ಸರಕಾರವು 2013-14ರಲ್ಲಿ ಆರಂಭಿಸಿದ 'ಶುಚಿ' ಯೋಜನೆಯು ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಚಾಲನೆ ಪಡೆಯಿತು. ಯೋಜನೆ ನಿಂತಿದ್ದ ವರ್ಷಗಳಲ್ಲಿ ಮುಟ್ಟು ನಿಂತಿರಲಿಲ್ಲವೆಂಬುದನ್ನು ಅಧಿಕಾರಿಗಳು ಮರೆಯಬಾರದು.

ಸವದತ್ತಿಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕ ಸರಕಾರವು 1982ರಲ್ಲಿಯೂ ಕಾಯಿದೆಯಿಂದ ನಿಷೇಧಿಸಿದವು. ಏಡ್ಸ್ ಬೇನೆಯ ಭಯ ಹಬ್ಬಿದ ಕಾಲಕ್ಕೆ ಮಾಜಿ ದೇವದಾಸಿಯರು ಸಂಘ ಕಟ್ಟಿಕೊಂಡು, ದವಾಖಾನೆಯ ಬಾಗಿಲಲ್ಲಿ ನಿಂತು, ತಮ್ಮ ಮೈಯ ಬೇನೆಯನ್ನು ಅದರ ಹೆಸರಿನಿಂದಲೇ ಕರೆದು ಔಷಧ ಕೇಳುವದನ್ನು ಕಲಿತರು. ಸಮಾಜವು ಯಾರನ್ನು ಕೀಳೆಂದು ದೂರವಿಟ್ಟಿತ್ತೋ ಅವರಿಗೆ ದೊರೆತ ಈ ತಿಳಿವಳಿಕೆಯು ನಮ್ಮ ಗರತಿಯರಿಗೆ ಇಂದಿಗೂ ದೊರೆತಿಲ್ಲ. ಇವೆಲ್ಲ 'ಅಂಥವರ' ಬೇನೆಗಳೆಂದು ನಾವು ತೀರ್ಮಾನಿಸಿದ್ದೇ ಇದಕ್ಕೆ ಕಾರಣ. ಗುಪ್ತರೋಗವೆಂಬ ಒಂದೇ ಹೆಸರಿನ ಚೀಲದಲ್ಲಿ ಮಾನವಂತ ಮುದುಕಿಯ ಗರ್ಭಚೀಲ ಜಾರಿದ್ದನ್ನೂ ಹುಡುಗಿಯ ತುರಿಕೆಯನ್ನೂ ತುಂಬಿ ಬಾಯಿ ಕಟ್ಟಿಬಿಟ್ಟೆವು.

ಗರ್ಭಚೀಲ ಜಾರುವ ಮಾತು ಬಂದದ್ದರಿಂದ ಹೇಳುತ್ತೇವೆ. ನಮ್ಮ ಮನೆತನದಲ್ಲಿಯೇ ಹಿರಿಯ ಅತ್ತಿಗೆಯವರೊಬ್ಬರು ಐದು ಹಡೆದು, ಬಾಣಂತಿತನ ಮುಗಿಯುವ ಮೊದಲೇ ನೀರಿನ ಕೊಡ ಹೊತ್ತು, ಇಪ್ಪತ್ತೆರಡು ವರ್ಷ ಈ ಬೇನೆಯನ್ನು ಸೀರೆಯ ನೆರಿಗೆಯಲ್ಲಿ ಮುಚ್ಚಿಕೊಂಡಿದ್ದರು. ಕೂಡ್ರಲು ಮಣೆ ಕೊಟ್ಟರೂ ಅವರು ನಿಂತೇ ಇರುತ್ತಿದ್ದರು; ಹಿರಿಯರ ಮುಂದೆ ಕೂಡ್ರದ ವಿನಯವೆಂದು ಎಲ್ಲರೂ ಹೊಗಳುತ್ತಿದ್ದೆವು. ಕಡೆಗೆ ಲೇಡಿ ಡಾಕ್ಟರರೊಬ್ಬರು ಒಂದು ಸಣ್ಣ ಉಂಗುರವನ್ನು ಒಳಗೆ ಏರಿಸಿದ ದಿನ ಅವರು ಅಡಿಗೆಮನೆಯಲ್ಲಿ ಕುಳಿತು ಊಟ ಮಾಡಿದರು. ಅಷ್ಟು ಸಣ್ಣ ಉಪಾಯಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತು. ಕೇಳದಿದ್ದ ತಪ್ಪಿನಲ್ಲಿ ಈ ಲೇಖಕನದೂ ಪಾಲಿದೆ.

ಹಳ್ಳಿಯ ನರ್ಸಬಾಯಿಯಿಂದ ಏನಾದೀತೆಂದು ಮೂಗು ಮುರಿಯುವವರಿಗೆ ಬೆಳಗಾವಿ ಜಿಲ್ಲೆಯೇ ಉತ್ತರ ಕೊಟ್ಟಿದೆ. ಹೆರಿಗೆಯ ನಂತರ ರಕ್ತ ಹರಿದು ಸಾಯುವದನ್ನು ತಪ್ಪಿಸಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ನರ್ಸಬಾಯಿಯರ ಕೈಯಿಂದ ಕೊಡಿಸುವ ಪ್ರಯೋಗವು ಈ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆಯಿತು. ಅತಿಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯು ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಆ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಜಗತ್ತಿಗೇ ಪಾಠ ಕಲಿಸಿದ ಜಿಲ್ಲೆಯ ನರ್ಸಬಾಯಿಯರಿಗೆ ಬಿಳಿಸೆರಗಿನ ಪರೀಕ್ಷೆ ಕಲಿಸುವದು ಕಠಿಣವಾದ ಕಾರ್ಯವಲ್ಲ.

ಗರ್ಭಕಂಠದ ಕ್ಯಾನ್ಸರನ್ನು ಮುಂಚಿತವಾಗಿ ಕಾಣುವದಕ್ಕೂ ದೊಡ್ಡ ಯಂತ್ರ ಬೇಡ. ವಿನೆಗರಿನಂಥ ತೆಳು ಆಮ್ಲವನ್ನು ಸವರಿ ಒಂದು ನಿಮಿಷ ಕಾದರೆ ಕೆಟ್ಟ ಭಾಗವು ಬೆಳ್ಳಗಾಗಿ ಕಾಣುತ್ತದೆ. 30ರಿಂದ 65 ವರ್ಷದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗತಕ್ಕದ್ದೆಂದು ಕೇಂದ್ರ ಸರಕಾರವು 2016ರಲ್ಲಿ ಗೊತ್ತುಪಡಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೋಡಿದರೆ ಒಮ್ಮೆಯಾದರೂ ಪರೀಕ್ಷೆಯಾದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಈ ಕ್ಯಾನ್ಸರಿನ ಬೀಜವಾದ ವೈರಸ್ಸನ್ನು ತಡೆಯುವ ಲಸಿಕೆಯೂ ಇದೆ. ನಮ್ಮ ದೇಶದಲ್ಲಿಯೇ ತಯಾರಾದುದಕ್ಕೆ 2022ರಲ್ಲಿ ಪರವಾನಿಗೆ ದೊರೆಯಿತು. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಕೊಡಿಸಿದರೆ ಅದರ ಗುಣ ಹೆಚ್ಚು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅಥವಾ ಗಂಡನ ಸಂಗವಾದ ಮೇಲೆ ರಕ್ತ ಕಂಡರೆ, ಸಂತೆಯ ದಿನದ ವರೆಗೂ ಕಾಯದೆ ದವಾಖಾನೆಗೆ ಹೋಗತಕ್ಕದ್ದು.

ಈಗ ನಮ್ಮ ಬೇಡಿಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಗಳ ಸರಕಾರೀ ದವಾಖಾನೆಗಳಲ್ಲಿ ವಾರಕ್ಕೊಂದು ನಿಶ್ಚಿತ ದಿನ ಸ್ತ್ರೀವೈದ್ಯರೊಬ್ಬರು ಈ ಬೇನೆಗಳಿಗಾಗಿಯೇ ಕೂಡ್ರಬೇಕು. ಪರದೆಯುಳ್ಳ ಕೋಣೆ ಇರಬೇಕು; ಹೆಸರು ಕೂಗಿ ಬೇನೆ ಕೇಳುವ ಕಾರಕೂನ ಬಾಗಿಲಲ್ಲಿರಬಾರದು. ನಲವತ್ತು ವರ್ಷದೊಳಗಿನ ಯಾವಳ ಗರ್ಭಚೀಲವನ್ನು ಯಾವ ಖಾಸಗಿ ದವಾಖಾನೆ ತೆಗೆದರೂ ಅದರ ಕಾರಣವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ತರಿಸಿ ನೋಡಬೇಕು. ಅಕ್ಟೋಬರ 23ರಿಂದ ಕಿತ್ತೂರ ಉತ್ಸವ. ಚಳಿಗಾಲದಲ್ಲಿ ಬನದ ಹುಣ್ಣಿವೆ, ಭರತ ಹುಣ್ಣಿವೆಗಳಿಗೆ ಎಲ್ಲಮ್ಮನ ಗುಡ್ಡದಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು. ಅಲ್ಲಿ ಈ ಪರೀಕ್ಷೆಯ ಡೇರೆಯೊಂದನ್ನು ಹಾಕುವದಕ್ಕೆ ಕುಸ್ತಿಯ ಕಣಕ್ಕೆ ತಗಲುವಷ್ಟೂ ಖರ್ಚು ತಗಲದು. ಸಕ್ಕರೆ ಕಾರಖಾನೆಗಳ ಮಂಡಳಿಯವರು ಹಂಗಾಮಿನ ಉದ್ದಕ್ಕೂ ಕಬ್ಬಿನ ಗುಡಿಸಲುಗಳಿಗೆ ವಾರಕ್ಕೊಮ್ಮೆ ನರ್ಸಬಾಯಿಯನ್ನು ಕಳಿಸಬೇಕು. ಶೌಚಕ್ಕೂ ಸ್ನಾನಕ್ಕೂ ಮರೆ ಕಟ್ಟಿಸಬೇಕು. ಕಬ್ಬಿನ ಗಾಡಿ ತೂಗುವ ಕಾಟಾದ ಬಳಿ ಹಚ್ಚುವ ಸೂಚನೆಯನ್ನು ಕನ್ನಡದೊಂದಿಗೆ ಮರಾಠಿಯಲ್ಲಿಯೂ ಬರೆಯಿಸಬೇಕು. ಅದನ್ನು ಓದಬೇಕಾದವರಲ್ಲಿ ಹೆಚ್ಚಿನವರು ಬೀಡಿನವರು.