ಹೊಸ ಟ್ರ್ಯಾಕ್ಟರೋ, ಹಳೆಯದೋ? ಮೊದಲು ತಾಸು ಎಣಿಸಿರಿ

ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ನಮ್ಮ ಕನ್ನಡ ಹಳ್ಳಿಗಳಲ್ಲಿ ಎತ್ತಿನ ಜೋಡಿ ಕಟ್ಟಿದ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಎತ್ತಿನ ಬೆಲೆ, ಮೇವಿನ ತುಟ್ಟಿ, ಆಳಿನ ಅಭಾವ ಈ ಮೂರೂ ಕೂಡಿ ಒಕ್ಕಲಿಗನನ್ನು ಟ್ರ್ಯಾಕ್ಟರಿನ ಕಡೆಗೆ ನೂಕಿವೆ. ಐದಾರು ಎಕರೆಯವನೂ ಈಗ ‘ನಮ್ಮದೂ ಒಂದು ಇರಲಿ’ ಎನ್ನುತ್ತಾನೆ. ಹಾಗೆ ಅನ್ನುವದರಲ್ಲಿ ತಪ್ಪಿಲ್ಲ. ಆದರೆ ಹೊಸದನ್ನು ಸಾಲದ ಮೇಲೆ ತರಬೇಕೋ, ಹಳೆಯದನ್ನು ಕೈಯಲ್ಲಿದ್ದ ಹಣಕ್ಕೆ ಕೊಳ್ಳಬೇಕೋ ಎಂಬ ಪ್ರಶ್ನೆ ಬಂದಾಗ ನಮ್ಮ ಜನ ಬಣ್ಣ ನೋಡುತ್ತಾರೆ, ಅಶ್ವಶಕ್ತಿ ಕೇಳುತ್ತಾರೆ, ನೆರೆಯವನು ಯಾವದು ತಂದನೆಂದು ವಿಚಾರಿಸುತ್ತಾರೆ. ವರ್ಷಕ್ಕೆ ತಮ್ಮಲ್ಲಿ ಎಷ್ಟು ತಾಸಿನ ಕೆಲಸವಿದೆ ಎಂಬುದನ್ನು ಮಾತ್ರ ಎಣಿಸುವದಿಲ್ಲ. ನಮ್ಮ ಮತದಲ್ಲಿ ಉತ್ತರವಿರುವದು ಆ ಎಣಿಕೆಯಲ್ಲಿಯೇ.

ಆರು ಎಕರೆ ಎರೆಹೊಲವನ್ನು ತೆಗೆದುಕೊಳ್ಳೋಣ. ನೇಗಿಲು ಹೊಡೆಯಲು ಎಕರೆಗೆ ಎರಡು, ಎರಡೂವರೆ ತಾಸು; ಎರಡು ಸಲ ಹರಗಲು ಎರಡು ತಾಸು; ಬಿತ್ತಲು ಒಂದು ತಾಸು. ಅಂದರೆ ಎಕರೆಗೆ ಐದಾರು ತಾಸು, ಆರು ಎಕರೆಗೆ ಸುಮಾರು 35 ತಾಸು. ಗೊಬ್ಬರ ಹೇರುವದು, ಕಣಿಕಿ ತರುವದು, ರಾಶಿ ಮಾಡುವದು, ಪೇಟೆಗೆ ಮಾಲು ಒಯ್ಯುವದು ಎಲ್ಲವನ್ನೂ ಸೇರಿಸಿದರೂ 100 ತಾಸು ದಾಟುವದು ಕಠಿಣ. ಯಂತ್ರಶಾಸ್ತ್ರಜ್ಞರು ಲೆಕ್ಕಕ್ಕೆ ಹಿಡಿಯುವ ಟ್ರ್ಯಾಕ್ಟರಿನ ಆಯುಷ್ಯ 10 ವರ್ಷ, ಇಲ್ಲವೆ 10,000 ತಾಸು. ವರ್ಷಕ್ಕೆ 1,000 ತಾಸು ದುಡಿಯಬೇಕಾದ ಯಂತ್ರ ನಮ್ಮ ಅಂಗಳದಲ್ಲಿ ಒಂದು ಪಾಲು ದುಡಿದು ಒಂಬತ್ತು ಪಾಲು ನಿಂತೇ ಇರುತ್ತದೆ.

ಹೀಗೆ ನಿಂತಿರುವದಕ್ಕೂ ಖರ್ಚುಂಟು. ಉದಾಹರಣೆಗೆ ಹೊಸದರ ಬೆಲೆ 7 ಲಕ್ಷ ರೂ. ಎಂದು ಹಿಡಿಯಿರಿ. ಹತ್ತು ವರ್ಷದ ಮೇಲೆ ಅದು 2 ಲಕ್ಷಕ್ಕೆ ಹೋದರೆ ವರ್ಷಕ್ಕೆ 50 ಸಾವಿರ ಸವೆಯಿತು. ತೊಡಗಿಸಿದ ಹಣದ ಸರಾಸರಿಯ ಮೇಲೆ ನೂರಕ್ಕೆ 10ರಂತೆ ಬಡ್ಡಿ 45 ಸಾವಿರ. ಕೂಡಿ 95 ಸಾವಿರ. ಇನ್ನು ಹಳೆಯದನ್ನು 3 ಲಕ್ಷಕ್ಕೆ ಕೊಂಡು, ಐದು ವರ್ಷದ ಮೇಲೆ ಒಂದೂಮುಕ್ಕಾಲು ಲಕ್ಷಕ್ಕೆ ಮಾರಿದಿರಿ ಎನ್ನೋಣ. ಸವಕಳಿ ವರ್ಷಕ್ಕೆ 25 ಸಾವಿರ, ಬಡ್ಡಿ ಸುಮಾರು 24 ಸಾವಿರ, ಹಳೆಯದೆಂಬ ಕಾರಣಕ್ಕೆ ಹೆಚ್ಚಿನ ರಿಪೇರಿ 20 ಸಾವಿರ. ಕೂಡಿ 69 ಸಾವಿರ. ವಿಮೆ, ಗ್ರೀಸು, ಎಣ್ಣೆ ಎರಡಕ್ಕೂ ಇದ್ದೇ ಇವೆ, ಅವನ್ನು ಬಿಟ್ಟಿದ್ದೇವೆ.

ಈಗ ತಾಸಿನಿಂದ ಭಾಗಿಸಿರಿ. ವರ್ಷಕ್ಕೆ 100 ತಾಸಾದರೆ ಹೊಸದಕ್ಕೆ ತಾಸಿಗೆ 950 ರೂ., ಹಳೆಯದಕ್ಕೆ 690 ರೂ. ಇದು ಡೀಜೆಲ್ ಹಾಕುವ ಮೊದಲಿನ ಮಾತು. 250 ತಾಸಾದರೆ ಹೊಸದಕ್ಕೆ 380, ಹಳೆಯದಕ್ಕೆ 276. ಆದರೆ 500 ತಾಸು ದುಡಿಸಿದರೆ ಹಳೆಯದರ ರಿಪೇರಿ ಇಮ್ಮಡಿಯಾಗುವದೆಂದು ಹಿಡಿದಾಗ ಹೊಸದು 190, ಹಳೆಯದು 178. ಅಂತರ ಹೋಗಿಯೇ ಬಿಟ್ಟಿತು. ಅಂಕಿಗಳು ಉದಾಹರಣೆಯವು, ನಿಮ್ಮ ಪೇಟೆಯ ಬೆಲೆ ಹಾಕಿ ನೀವೇ ಲೆಕ್ಕ ಮಾಡಿರಿ. ಪಕ್ಕಕ್ಕೆ ನಿಮ್ಮೂರ ಬಾಡಿಗೆ ದರವನ್ನೂ ಬರೆಯಿರಿ.

ಇದರಿಂದ ನಮಗೆ ತೋರುವದಿಷ್ಟು. ನೂರು ತಾಸಿನೊಳಗಿನವನು ಯಾವದನ್ನೂ ಕೊಳ್ಳದೆ ಬಾಡಿಗೆಗೆ ಹೊಡೆಸುವದು ಲೇಸು. ಐದುನೂರು ತಾಸಿನ ಕೆಲಸ ಕೈಯಲ್ಲಿ ಖಚಿತವಾಗಿ ಇದ್ದವನು ಹೊಸದನ್ನೇ ತರಲಿ. ಬಿತ್ತುವ ಹದದಲ್ಲಿ ನಿಂತುಬಿಡುವ ಯಂತ್ರ ಅವನಿಗೆ ಆಗದು. ನಡುವಿನವನಿಗೆ, ಅಂದರೆ ನಮ್ಮಲ್ಲಿ ಟ್ರ್ಯಾಕ್ಟರಿಗೆ ಮನಸ್ಸು ಮಾಡಿದ ಬಹುಜನರಿಗೆ, ಐದರಿಂದ ಎಂಟು ವರ್ಷ ದುಡಿದ 35–45 ಅಶ್ವಶಕ್ತಿಯ ಹಳೆಯ ಟ್ರ್ಯಾಕ್ಟರೇ ಸರಿ.

‘ಬಾಡಿಗೆಯವನು ಹೊತ್ತಿಗೆ ಬರುವದಿಲ್ಲ’ ಎಂಬ ದೂರು ನಿಜವಾದದ್ದು. ಹಿಂಗಾರಿ ಜೋಳದ ಬಿತ್ತಿಗೆ ಸಪ್ಟೆಂಬರ ನಡುವಿನಿಂದ ಅಕ್ಟೋಬರ ನಡುವಿನ ತನಕ. ಮಳೆ ಬಿಟ್ಟು ಎರೆ ಹದಕ್ಕೆ ಬಂದ ನಾಲ್ಕು ದಿನ ಎಲ್ಲರಿಗೂ ಒಂದೇ ಸಲ ಟ್ರ್ಯಾಕ್ಟರು ಬೇಕು. ಇದಕ್ಕೆ ಒಳ್ಳೆಯ ಉಪಾಯವೆಂದರೆ ಹೊಲ ಹೊಂದಿಕೊಂಡ ಮೂವರು ಕೂಡಿ ಒಂದು ಹಳೆಯದನ್ನು ಕೊಳ್ಳುವದು. ಮೂವರ ತಾಸು ಕೂಡಿದರೆ ಮುನ್ನೂರರ ಹತ್ತಿರ ಬರುತ್ತದೆ. ಯಾರ ಪಾಲು ಎಷ್ಟು, ಬಿತ್ತಿಗೆಯ ಸರದಿ ಯಾವದು, ರಿಪೇರಿ ಯಾರದು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟರೆ ಸ್ನೇಹವೂ ಉಳಿಯುವದು.

ಹೊಸದರ ಪರವಾಗಿ ಎರಡು ಮಾತು ಕೇಳಿಬರುತ್ತವೆ. 2025ರ ಸಪ್ಟೆಂಬರ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. 6 ಲಕ್ಷ ಮೂಲಬೆಲೆಯ ಮೇಲೆ 42 ಸಾವಿರ ಉಳಿತಾಯ. ನಿಜ. ಆದರೆ ಅದೇ ದಿನ ಟ್ರ್ಯಾಕ್ಟರಿನ ಟಾಯರುಗಳ ತೆರಿಗೆ 18ರಿಂದ 5ಕ್ಕೆ ಇಳಿದಿದೆ. ಅದರ ಲಾಭ ಹಳೆಯದು ಇಟ್ಟವನಿಗೂ ಸಲ್ಲುತ್ತದೆ. ಹೊಸದು ಅಗ್ಗವಾದಾಗ ಹಳೆಯದರ ಬೆಲೆಯನ್ನೂ ಇಳಿಸಿ ಕೇಳುವ ಹಕ್ಕು ಕೊಳ್ಳುವವನಿಗಿದೆ. ಎರಡನೆಯದು ಸರಕಾರದ ಸಹಾಯಧನ. ಅದು ಹೊಸದಕ್ಕೆ ಮಾತ್ರ ಇದೆ. ಮಹಾಡಿಬಿಟಿಯಲ್ಲಿ ಅರ್ಜಿ ಹಾಕಿ ಪೂರ್ವಸಂಮತಿ ಕೈಗೆ ಬಂದ ಮೇಲೆಯೇ ಕೊಳ್ಳಬೇಕು. ಮೊದಲು ಕೊಂಡು ಆಮೇಲೆ ಅರ್ಜಿ ಹಾಕಿದವನಿಗೆ ಏನೂ ದೊರೆಯದು. ಸಹಾಯಧನ ದೊರೆತವನು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಲಿ. ದೊರೆಯಬಹುದೆಂಬ ಆಸೆಯ ಮೇಲೆ ಮಾತ್ರ ಸಾಲಕ್ಕೆ ಸಹಿ ಹಾಕಬಾರದು.

ಸಾಲದ ವಿಷಯದಲ್ಲಿ ನಮ್ಮ ಜನಕ್ಕೆ ಇನ್ನೊಂದು ತೊಡಕಿದೆ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನಮ್ಮ ಹಿರಿಯರಿಗೆ ಓದಬರುವದು ಕನ್ನಡ. ತೋರಿಸಿದಲ್ಲಿ ಸಹಿ ಮಾಡಿ ಬರುವ ರೂಢಿ ಬಿಡಬೇಕು. ಶಾಲೆ ಕಲಿತ ಮಗನನ್ನೋ ಮಗಳನ್ನೋ ಕರೆದೊಯ್ದು ಪೂರ್ತಿ ಓದಿ ಹೇಳಿಸಿರಿ. ಒತ್ತೆ ಇಡುವದು ಟ್ರ್ಯಾಕ್ಟರೊಂದನ್ನೋ, ಹೊಲವನ್ನೂ ಕೂಡಿಯೋ? ಸಾತಬಾರಾ ಮೇಲೆ ಬೋಜಾ ಏರುವದೋ? ಕಂತು ತಿಂಗಳಿಗೋ, ಸುಗ್ಗಿಗೋ? ಈ ಮೂರು ಪ್ರಶ್ನೆ ಕೇಳದೆ ಏಳಬೇಡಿರಿ. ಮಳೆ ತಪ್ಪಿದರೂ ಕಂತು ತಪ್ಪುವದಿಲ್ಲ. ಆರು ಎಕರೆಯ ಮನೆಗೆ ಹೊಲಕ್ಕಿಂತ ಟ್ರ್ಯಾಕ್ಟರು ದೊಡ್ಡದಲ್ಲ.

ಹಾಗಾದರೆ ಹಳೆಯದನ್ನು ಕಣ್ಣುಮುಚ್ಚಿ ಕೊಳ್ಳಬೇಕೇ? ಎಂದಿಗೂ ಅಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ಸುಳಿ ನೋಡುವ ನಮ್ಮ ಒಕ್ಕಲಿಗ ಇಲ್ಲಿಯೂ ಅಷ್ಟೇ ಜಾಗ್ರತೆ ವಹಿಸಬೇಕು. ಬೆಳಿಗ್ಗೆ ಎಂಜಿನು ತಣ್ಣಗಿರುವಾಗ ಹೋಗಿರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುವೆನೆನ್ನಿರಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನು ಎಣ್ಣೆ ಸುಡುತ್ತಿದೆ. ಎಂಜಿನಿನ ಎಣ್ಣೆ ಹಾಲು ಬೆರೆತಂತೆ ಕಂಡರೆ ನೀರು ಒಳಹೊಕ್ಕಿದೆ. ನೇಗಿಲು ಎತ್ತಿ ಎಂಜಿನು ನಿಲ್ಲಿಸಿರಿ; ನೇಗಿಲು ಕೂಡಲೆ ಕೆಳಗಿಳಿದರೆ ಹೈಡ್ರಾಲಿಕ್ ಸವೆದಿದೆ. ತಾಸಿನ ಮೀಟರನ್ನು ನಂಬುವ ಮೊದಲು ಕ್ಲಚ್ಚು, ಬ್ರೇಕಿನ ಪೆಡಲುಗಳ ಸವೆತ ನೋಡಿರಿ. ಎಲ್ಲಕ್ಕೂ ಮಿಗಿಲಾಗಿ ಅದು ಯಾವ ಕೆಲಸ ಮಾಡಿದೆ ಎಂದು ಕೇಳಿರಿ. ಕಾರಖಾನೆಗೆ ಎರಡು ಟ್ರಾಲಿ ಕಬ್ಬು ಎಳೆದದ್ದಾದರೆ ಕ್ಲಚ್ಚು, ಬ್ರೇಕು, ಹಿಂದಿನ ಅಚ್ಚು ದಣಿದಿರುತ್ತವೆ. ಸಿಂಧನೂರು, ಗಂಗಾವತಿಯ ಭತ್ತದ ಗದ್ದೆಯಿಂದ ಬಂದದ್ದಾದರೆ ಕೆಸರುನೀರು ಸೀಲುಗಳನ್ನು ತಿಂದಿರಬಹುದು. ಒಣಹೊಲದಲ್ಲಿ ಹರಗಿ, ಬಿತ್ತಿ ಬಂದದ್ದೇ ನಮಗೆ ಒಳ್ಳೆಯದು. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುವಂತಿರಲಿ. ಒಂದು ಕಾಲಕ್ಕೆ ಹೆಸರಾದ ಎಚ್.ಎಂ.ಟಿ. ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ನಿರ್ಣಯಿಸಿತು. ಅಂಥದನ್ನು ಅಗ್ಗವೆಂದು ಕೊಳ್ಳುವವನು ಭಾಗಗಳ ಚಿಂತೆಯನ್ನೂ ಮಾಡಬೇಕು.

ಕೊನೆಯದಾಗಿ ಗಡಿಯ ಮಾತು. ನಮ್ಮ ಬೀಗರು ಇಂಡಿ, ಅಫಜಲಪುರ, ಆಳಂದ ಕಡೆಯವರು. ‘ಬೀಗರದು ಒಂದಿದೆ, ಮನೆಯೊಳಗಿನ ವ್ಯವಹಾರ’ ಎಂದು ಹಣ ಕೊಟ್ಟು, ಹೊಡೆದುಕೊಂಡು ಬರುವವರು ಉಂಟು. ಆ ಟ್ರ್ಯಾಕ್ಟರಿನ ಮೇಲೆ ಕೆ.ಎ. 28 ಅಥವಾ ಕೆ.ಎ. 32 ಎಂದಿರುತ್ತದೆ, ನಮ್ಮದು ಎಂ.ಎಚ್. 13, ಜತ್ತದವರದು ಎಂ.ಎಚ್. 10. 1988ರ ಮೋಟಾರು ವಾಹನ ಕಾಯದೆಯಂತೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ತೆಗೆದುಕೊಳ್ಳಲೇಬೇಕು. ಅದಕ್ಕೆ ಅಲ್ಲಿಯ ಆರ್.ಟಿ.ಓ. ಕಚೇರಿಯ ಎನ್.ಓ.ಸಿ. (ಫಾರ್ಮು 28), ಮಾಲಿಕತ್ವ ಬದಲಾವಣೆಯ ಫಾರ್ಮು 29 ಮತ್ತು 30, ಹಳೆಯ ಸಾಲ ತೀರಿದ್ದಕ್ಕೆ ಫಾರ್ಮು 35 ಬೇಕು. ಕೊಂಡವನು 30 ದಿನಗಳಲ್ಲಿ ಹೆಸರು ಬದಲಾವಣೆಗೆ ತಿಳಿಸಬೇಕು. ಹೆಸರು ಬದಲಿಸದೆ ಬಿಟ್ಟಾಗ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಅಂದರೆ ನೀವು ಇಲ್ಲಿ ಓಡಿಸಿದ ಟ್ರ್ಯಾಕ್ಟರಿನ ದಂಡ ಅಲ್ಲಿಯ ಬೀಗರ ತಲೆಗೆ ಬರಬಹುದು. ಆದುದರಿಂದ ಚಾಸಿ ನಂಬರು, ಎಂಜಿನ್ ನಂಬರು ಆರ್.ಸಿ.ಯೊಡನೆ ತಾಳೆ ನೋಡಿ, ಸಂಚಕಾರವನ್ನಷ್ಟೇ ಕೊಟ್ಟು, ಎನ್.ಓ.ಸಿ. ಕೈಗೆ ಬಂದ ಮೇಲೆ ಉಳಿದ ಹಣ ಕೊಡಿರಿ. ಒಳ್ಳೆಯ ಬೀಗರು ಇದಕ್ಕೆ ಬೇಸರ ಮಾಡಿಕೊಳ್ಳಲಾರರು.

ಟ್ರ್ಯಾಕ್ಟರಿನ ವಿಚಾರ ಮನೆಯಲ್ಲಿ ಎದ್ದಿದ್ದರೆ ಈ ವರ್ಷ ಒಂದು ಕೆಲಸ ಮಾಡಿರಿ. ಬಾಡಿಗೆ ಟ್ರ್ಯಾಕ್ಟರು ನಿಮ್ಮ ಹೊಲಕ್ಕೆ ಬಂದಾಗಲೆಲ್ಲ ಎಷ್ಟು ತಾಸು ದುಡಿಯಿತು, ಎಷ್ಟು ಹಣ ಹೋಯಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಯುಗಾದಿಗೆ ಕೂಡಿಸಿ ನೋಡಿರಿ. ಆಮೇಲೆ ಯಾವ ಅಂಗಡಿಯವನೂ, ಯಾವ ದಲಾಲನೂ ನಿಮಗೆ ಬುದ್ಧಿ ಹೇಳಬೇಕಾಗುವದಿಲ್ಲ.