ಡೇರೆಗೂ ಒಂದು ಅಂಗಳ

ಕಳೆದ ವಾರ ನಮ್ಮ ಮನೆಯ ತಾರಸಿಯ ಮೇಲೆ ಒಂದು ಡೇರೆ ಎದ್ದಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ ನನ್ನ ಹಳೇ ಪಂಚೆ, ಅದರ ಮೇಲೊಂದು ಜಮಖಾನ, ನಾಲ್ಕು ಮೂಲೆಗೆ ನಾಲ್ಕು ಹೂಕುಂಡ. ಕಟ್ಟಿದವನು ಐದನೇ ತರಗತಿಯ ನನ್ನ ಮೊಮ್ಮಗ. ರಾತ್ರಿ ಅಲ್ಲೇ ಮಲಗುತ್ತೇನೆಂದು ಹಟ ಹಿಡಿದ. ಸರಿ, ಮಲಗು ಎಂದೆ. ಒಂಬತ್ತೂವರೆಗೆ ಗಾಳಿ ಎದ್ದಿತು, ಅದರ ಹಿಂದೆಯೇ ಮಳೆ. ದಿಂಬನ್ನು ಬಗಲಲ್ಲಿ ಇಟ್ಟುಕೊಂಡು ಇಳಿದು ಬಂದ ವೀರನಿಗೆ ಅವನಜ್ಜಿ ಬಿಸಿ ಹಾಲು ಕೊಟ್ಟಳು. ಕುಡಿಯುತ್ತಾ ಕೇಳಿದ: "ತಾತ, ಟಿವಿಯಲ್ಲಿ ತೋರಿಸ್ತಾರಲ್ಲ, ಸಿರಿಯಾದಿಂದ ಓಡಿಬಂದೋರು, ಡೇರೆಯಲ್ಲಿ ಇರೋರು. ಮಳೆ ಬಂದ್ರೆ ಅವರು ಎಲ್ಲಿಗೆ ಇಳ್ಕೊಂಡು ಹೋಗ್ತಾರೆ?"

ಎಪ್ಪತ್ತು ದಾಟಿದ ಮೇಲೆ ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಾರದೆಂದು ಕಲಿತಿದ್ದೇನೆ. ನಾಲ್ಕು ದಿನ ಕೂತು ಓದಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

2011ರಲ್ಲಿ ಸಿರಿಯಾದಲ್ಲಿ ಶುರುವಾದ ಪ್ರತಿಭಟನೆ ಯುದ್ಧವಾಗಿ ಬೆಳೆಯಿತು. ದಕ್ಷಿಣದ ದಾರಾ ಎಂಬ ಕಡೆಯ ಜನ ರಾತ್ರೋರಾತ್ರಿ ಗಡಿ ದಾಟಿ ಪಕ್ಕದ ಜೋರ್ಡಾನ್ ದೇಶಕ್ಕೆ ಬಂದರು. ಗಡಿಯಿಂದ ಹತ್ತು-ಹನ್ನೆರಡು ಕಿಲೋಮೀಟರಿನ ಬಯಲಲ್ಲಿ 2012ರ ಜುಲೈ 28ರಂದು ಅವರಿಗಾಗಿ ಜಾತರಿ ಎಂಬ ಶಿಬಿರ ತೆರೆಯಿತು. ಸಾಲು ಸಾಲು ಡೇರೆ. ಮರುವರ್ಷ ಅಲ್ಲಿದ್ದವರ ಸಂಖ್ಯೆ ಲಕ್ಷ ದಾಟಿತು.

ಮರುಭೂಮಿ ಎಂದರೆ ಬರೀ ಬಿಸಿಲು ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಅಲ್ಲಿ ಹಿಮವೂ ಬೀಳುತ್ತದೆ. 2013ರ ಜನವರಿಯಲ್ಲಿ ಮಳೆ ಹೊಡೆದಾಗ ಜಾತರಿಯ ಎಷ್ಟೋ ಡೇರೆಗಳೊಳಗೆ ನೀರು ನಿಂತಿತು. ಇಳಿದು ಹೋಗಲು ಕೆಳಗೆ ಮನೆ ಇರಲಿಲ್ಲ. ಆಮೇಲೆ ಒಂದೊಂದಾಗಿ ಡೇರೆ ತೆಗೆದು ತಗಡಿನ ಹೊದಿಕೆಯ ಕೋಣೆಗಳನ್ನು ಕೊಟ್ಟರು. ಅಲ್ಲಿ ಅದಕ್ಕೆ ಕ್ಯಾರವಾನ್ ಎನ್ನುತ್ತಾರೆ. ನಮ್ಮಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಇಂಜಿನಿಯರ್ ಸಾಹೇಬರು ಕೂರಲು ತಂದಿಡುವ ಪೆಟ್ಟಿಗೆಯಂಥ ಆಫೀಸು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೆ. ಮಳೆ ಸೋರುವುದು ಕಡಿಮೆಯಾಯಿತು, ಬಾಗಿಲಿಗೆ ಚಿಲಕ ಬಂತು. ಆ ಚಿಲಕ ಸಣ್ಣ ಸಂಗತಿಯಲ್ಲ. ಡೇರೆಯ ಬಾಗಿಲಿಗೆ ಬೀಗ ಹಾಕಲಾಗದು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ನಾನು ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತನಾಗಿದ್ದವನು, ಲೆಕ್ಕವಿಲ್ಲದೆ ಊಟ ಸೇರುವುದಿಲ್ಲ. ಇಂಥ ಕಡೆ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ನೆಲ ಸಿಗಬೇಕೆಂದು ನೆರವಿನ ಸಂಸ್ಥೆಗಳು ಒಪ್ಪಿಕೊಂಡ ಅಳತೆಯಿದೆ. ನಾನೂ ಮೊಮ್ಮಗನೂ ತಾರಸಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು: ಆರಡಿ ಅಗಲ, ಆರೂಕಾಲು ಅಡಿ ಉದ್ದ. ಅವನು ಮಲಗಿ ನೋಡಿದ. "ಪರವಾಗಿಲ್ಲ ತಾತ, ಆಗುತ್ತೆ" ಎಂದ. ಸ್ಕೂಲ್ ಬ್ಯಾಗು, ಬಟ್ಟೆ, ಸೈಕಲ್ಲು ಎಲ್ಲ ಇದರೊಳಗೇ ಎಂದೆ. ಎದ್ದು ಕೂತ. ಹತ್ತು ವರ್ಷ ಎಂದೆ. ಮಾತಾಡಲಿಲ್ಲ.

ಅಳತೆಯೇನೋ ಸರಿ. ಕೊಟ್ಟವರಿಗೆ ಹೊಳೆಯದ ಒಂದು ವಿಷಯವನ್ನು ಪಡೆದವರೇ ತೋರಿಸಿಕೊಟ್ಟರು. ನನಗೆ ಬಹಳ ಹಿಡಿಸಿದ್ದು ಇದು. ಅಧಿಕಾರಿಗಳು ಕ್ಯಾರವಾನುಗಳನ್ನು ಸೈನಿಕರ ಸಾಲಿನಂತೆ ನೇರವಾಗಿ ನಿಲ್ಲಿಸಿದ್ದರು. ಸಿರಿಯಾದವರು ಶಿಬಿರದ ಬೇಲಿಯ ಕಂಬಗಳನ್ನು ಕಿತ್ತು, ಅದಕ್ಕೆ ಗಾಲಿ ಜೋಡಿಸಿ ಗಾಡಿ ಮಾಡಿಕೊಂಡರು. ಇಡೀ ಮನೆಯನ್ನೇ ಅದರ ಮೇಲೇರಿಸಿ ತಳ್ಳಿಕೊಂಡು ಹೋದರು! ಅಣ್ಣನ ಮನೆ ಪಕ್ಕಕ್ಕೆ ತಮ್ಮನ ಮನೆ, ಎದುರಿಗೆ ಅತ್ತೆಯದು. ಮೂರು ಕೋಣೆ ಮೂರು ದಿಕ್ಕಿಗೆ, ನಡುವೆ ಒಂದು ಅಂಗಳ. ಅವರ ಊರಿನ ಮನೆಗಳು ಇದ್ದದ್ದೇ ಹಾಗೆ. ಕೆಲವರು ಅಂಗಳದಲ್ಲಿ ಪುಟ್ಟ ಕಾರಂಜಿಯನ್ನೂ ಕಟ್ಟಿಕೊಂಡರು. ನೀರಿಗೆ ಬರವಿದ್ದ ಕಡೆ ಕಾರಂಜಿ ಯಾಕೆ ಎಂದು ಕೇಳಬೇಡಿ. ನಮ್ಮ ಮನೆಯ ತುಳಸಿಕಟ್ಟೆ ಯಾಕೆ ಎಂದು ನಾನೂ ಕೇಳುವುದಿಲ್ಲ. ಪೇಟೆ ಬೀದಿ ಎದ್ದಿತು, ಅಂಗಡಿಗಳಿಗೆ ಬೀದಿದೀಪದ ಕಂಬದಿಂದಲೇ ತಂತಿ ಎಳೆದುಕೊಂಡರು. ಗಣಪತಿ ಪೆಂಡಾಲು ನೋಡಿದ ನಮಗೇನೂ ಇದು ಹೊಸದಲ್ಲ.

ಶಿಬಿರದ ಆಗಿನ ಮೇಲ್ವಿಚಾರಕರು ಕಿಲಿಯನ್ ಕ್ಲೈನ್‌ಶ್ಮಿಟ್ ಎಂಬ ಜರ್ಮನಿಯವರು. ಶಿಸ್ತು ಕೆಟ್ಟಿತೆಂದು ಎಲ್ಲವನ್ನೂ ಕಿತ್ತುಹಾಕಿಸಬಹುದಿತ್ತು. ಹಾಗೆ ಮಾಡದೆ, ನಾವು ಉಗ್ರಾಣ ಕಟ್ಟುತ್ತಿದ್ದೇವೆ, ಇವರು ಊರು ಕಟ್ಟುತ್ತಿದ್ದಾರೆ ಎಂಬುದನ್ನು ಅರ್ಥಮಾಡಿಕೊಂಡರು. ಮುಂದೆ ಮನೆ ಮನೆಗೆ ನೀರಿನ ಕೊಳವೆ ಬಂತು. 2017ರ ನವೆಂಬರಿನಲ್ಲಿ ಜರ್ಮನಿಯ ಹಣದಿಂದ 12.9 ಮೆಗಾವಾಟಿನ ಸೌರ ವಿದ್ಯುತ್ ಘಟಕವೂ ಬಂತು. ಮುಂಚೆ ದಿನಕ್ಕೆ ಎಂಟು ಗಂಟೆ ಇದ್ದ ಕರೆಂಟು ಹನ್ನೆರಡರಿಂದ ಹದಿನಾಲ್ಕು ಗಂಟೆಗೆ ಏರಿತು. ಅಂದರೆ ಕತ್ತಲಾದ ಮೇಲೂ ಹೋಮ್‌ವರ್ಕ್. (ಮೊಮ್ಮಗನಿಗೆ ಈ ಭಾಗ ಅಷ್ಟು ಇಷ್ಟವಾಗಲಿಲ್ಲ.)

ಡಬ್ಬದಲ್ಲಿ ಬರುವ ಮನೆಯೂ ಇದೆ. ಐಕಿಯ ಪ್ರತಿಷ್ಠಾನವೂ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವೂ ಸೇರಿ ಮಾಡಿಸಿದ್ದು. ನಾಲ್ಕು ಜನ ಕೈಹಾಕಿದರೆ ಅರ್ಧ ದಿನದೊಳಗೆ ಎದ್ದು ನಿಲ್ಲುತ್ತದೆ. ಬೀಗ ಹಾಕುವ ಬಾಗಿಲು, ಬಿಸಿಲಲ್ಲಿ ಚಾರ್ಜ್ ಆಗುವ ದೀಪ. ನೆಲ 17.5 ಚದರ ಮೀಟರ್. ಭಾಗಿಸಿ ನೋಡಿ ಮಕ್ಕಳೇ, ಸರಿಯಾಗಿ ಐದು ಜನಕ್ಕೆ! ಆದರೆ ಬೆಂಕಿ ಬೇಗ ಹತ್ತುತ್ತದೆಂದು 2015ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದವರು ಬೇಡವೆಂದರು, ಆಮೇಲೆ ತಿದ್ದಬೇಕಾಯಿತು.

ಎಲ್ಲ ಕಡೆಯೂ ತಿದ್ದಲು ಬಿಡುವುದಿಲ್ಲ. ಲೆಬನಾನ್ ದೇಶಕ್ಕೂ ಸಿರಿಯಾದವರು ಲಕ್ಷಗಟ್ಟಲೆ ಹೋದರು. ಅಲ್ಲಿ 2019ರಲ್ಲಿ ಅರ್ಸಾಲ್ ಎಂಬ ಊರಿನಲ್ಲಿ ಒಂದು ಆಜ್ಞೆಯಾಯಿತು: ನಿರಾಶ್ರಿತರ ಮನೆಗೆ ಐದು ಸಾಲು ಸಿಮೆಂಟ್ ಇಟ್ಟಿಗೆ, ಹೆಚ್ಚೆಂದರೆ ಒಂದು ಮೀಟರ್ ಗೋಡೆ. ಅದರ ಮೇಲೆ ಮರ, ಟಾರ್ಪಾಲು ಅಷ್ಟೇ. ಜಾಸ್ತಿ ಎತ್ತರ ಕಟ್ಟಿಕೊಂಡವರು ತಾವೇ ಒಡೆಯಬೇಕು. ಸಾವಿರಾರು ಸಂಸಾರಗಳು ಹೀಗೆ ಗೋಡೆ ಇಳಿಸಬೇಕಾಯಿತು. 1948ರಲ್ಲಿ ಬಂದ ಪ್ಯಾಲೆಸ್ತೀನಿಯರ ಶಿಬಿರಗಳು ಇಂದಿಗೂ ಅಲ್ಲೇ ಇವೆ, ಇವರೂ ನೆಲೆಯೂರಿಬಿಟ್ಟರೆ ಎಂಬ ಭಯ ಲೆಬನಾನಿಗೆ. ಸಣ್ಣ ದೇಶ, ಅದರ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಮೀಟರ್ ಎಂದರೆ ನನ್ನ ಮೊಮ್ಮಗನ ಎದೆ ಮಟ್ಟ. ಅದಕ್ಕಿಂತ ಎತ್ತರದ ಗೋಡೆ ಕಟ್ಟಿಕೊಂಡವನು ಆ ದೇಶದಲ್ಲೇ ಉಳಿಯಲು ಹೊರಟವನಲ್ಲ, ಆ ಚಳಿಗಾಲ ದಾಟಲು ಹೊರಟವನು.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿತ್ತು. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕುವುದು. ನಾನೇ ಬರೆದ ಒಂದು ನಮೂದು ಮೂರು ಮ್ಯಾನೇಜರುಗಳು ವರ್ಗವಾಗಿ ಹೋಗುವವರೆಗೂ ಅಲ್ಲೇ ಇತ್ತು. ತಾತ್ಕಾಲಿಕ ತಾನೇ, ನಾಳೆ ನೋಡೋಣ ಎಂದು ನಾನೂ ಸುಮ್ಮನಿದ್ದೆ. ಆರೆಂಟು ವರ್ಷ ಬಾಳುವ ಕ್ಯಾರವಾನುಗಳಲ್ಲಿ ಜನ ಹತ್ತು ವರ್ಷ ಕಳೆದರು. ನೆಲ ಕುಸಿಯಿತು, ತಗಡು ತೂತಾಯಿತು. ಆ ಹತ್ತು ವರ್ಷದಲ್ಲೇ ಜಾತರಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದರು. ಅವರಿಗೆ ಅದು ತಾತ್ಕಾಲಿಕವೇನೂ ಅಲ್ಲ, ಹುಟ್ಟಿದ ಮನೆ.

2024ರ ಡಿಸೆಂಬರಿನಲ್ಲಿ ಸಿರಿಯಾದ ಹಳೇ ಸರ್ಕಾರ ಉರುಳಿತು. ಬಹಳ ಕುಟುಂಬಗಳು ಗಂಟುಮೂಟೆ ಕಟ್ಟಿ ಹಿಂತಿರುಗಿವೆ. ಹೋದವರಲ್ಲಿ ಅನೇಕರಿಗೆ ಸಿಕ್ಕಿದ್ದು ಸೂರಿಲ್ಲದ ಗೋಡೆ. ಮತ್ತೆ ಟಾರ್ಪಾಲು, ಮತ್ತೆ ಮೊದಲಿಂದ.

ಈ ಭಾನುವಾರ ತಾರಸಿಯ ಡೇರೆ ಮತ್ತೆ ಎದ್ದಿದೆ. ಪಕ್ಕದ ಮನೆಯ ಹುಡುಗಿ ಅವಳಮ್ಮನ ಸೀರೆಯಿಂದ ಇನ್ನೊಂದನ್ನು ಕಟ್ಟಿದ್ದಾಳೆ. ಎರಡರ ಬಾಗಿಲೂ ಎದುರುಬದುರು, ನಡುವೆ ನಾಲ್ಕಡಿ ಜಾಗ, ಅಲ್ಲಿ ಚಕ್ಕುಲಿ ಡಬ್ಬ. ನನ್ನನ್ನೂ ಒಳಗೆ ಕರೆದರು. ಬಗ್ಗಲು ಮಂಡಿ ಒಪ್ಪಲಿಲ್ಲ, ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತೆ.