ದೂರವೋ, ಕ್ಷಮೆಯೋ?

ಗಾಲ್ಫ್ ಆಟಗಾರನ ಚೀಲದಲ್ಲಿರುವ ಕೋಲುಗಳಲ್ಲಿ ಎಲ್ಲಕ್ಕಿಂತ ಉದ್ದವಾದುದು, ಎಲ್ಲಕ್ಕಿಂತ ದೊಡ್ಡ ತಲೆಯುಳ್ಳದ್ದು, ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ‘ಡ್ರೈವರ್’ ಎಂಬ ಕೋಲು. ದೂರದ ಕುಳಿಯತ್ತ ಹೊಡೆಯುವ ಮೊದಲ ಹೊಡೆತಕ್ಕೆ ಬಳಸುವುದು ಹೆಚ್ಚಾಗಿ ಇದನ್ನೇ. ವರ್ಷ ವರ್ಷವೂ ಇದರ ಹೊಸ ಮಾದರಿಗಳು ಬರುತ್ತವೆ. ಅವುಗಳೊಡನೆ ಎರಡು ಭರವಸೆಗಳೂ ಬರುತ್ತವೆ. ಚೆಂಡು ಹಿಂದಿಗಿಂತ ದೂರ ಹೋಗುವುದೆಂಬುದು ಒಂದು. ಹೊಡೆತವು ಮುಖದ ನಡುವಿಗೆ ಬೀಳದೆ ತಪ್ಪಿದರೂ ಕೋಲು ಆ ತಪ್ಪನ್ನು ಮನ್ನಿಸುವುದೆಂಬುದು ಇನ್ನೊಂದು. ಈ ಎರಡನೆಯ ಗುಣವನ್ನು ಆಟಗಾರರು ‘ಕ್ಷಮೆ’ ಎಂಬರ್ಥದ ಮಾತಿನಿಂದಲೇ ಕರೆಯುತ್ತಾರೆ. ಗಾಲ್ಫ್ ಮೈದಾನವನ್ನೇ ಕಾಣದ ವಿದ್ಯಾರ್ಥಿಯೂ ಈ ಭರವಸೆಗಳನ್ನು ತೂಗಿ ನೋಡಬಲ್ಲನು. ಅದಕ್ಕೆ ಬೇಕಾದುದು ಪಠ್ಯಪುಸ್ತಕದ ಬಲವಿಜ್ಞಾನ ಮಾತ್ರ. ಹಾಗೆ ತೂಗಿದರೆ ಮೊದಲನೆಯ ಭರವಸೆಯಲ್ಲಿ ಹುರುಳು ಬಹಳ ಕಡಮೆ, ಎರಡನೆಯದರಲ್ಲಿ ಹುರುಳುಂಟಾದರೂ ಅದರ ಬಹುಪಾಲು ಹಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲು ದೂರದ ಮಾತು. ಚೆಂಡು ಕೋಲಿನ ಮುಖವನ್ನು ಮುಟ್ಟಿರುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರಲ್ಲಿ ಚೆಂಡಿಗೆ ಎಷ್ಟು ವೇಗ ಬರುವುದೆಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಕೋಲಿನ ತಲೆಯ ವೇಗ, ತಲೆ ಮತ್ತು ಚೆಂಡುಗಳ ದ್ರವ್ಯರಾಶಿ, ಮತ್ತು ಪುಟಿತದ ಗುಣಾಂಕ. ಎರಡು ವಸ್ತುಗಳು ಡಿಕ್ಕಿಯ ಅನಂತರ ಪರಸ್ಪರ ದೂರ ಸರಿಯುವ ವೇಗಕ್ಕೂ ಡಿಕ್ಕಿಗೆ ಮುನ್ನ ಹತ್ತಿರ ಬರುತ್ತಿದ್ದ ವೇಗಕ್ಕೂ ಇರುವ ನಿಷ್ಪತ್ತಿಯೇ ಈ ಗುಣಾಂಕ. ತೆಳುವಾದ ಟೈಟೇನಿಯಂ ಮುಖವು ಒಳಬಾಗಿ ಮತ್ತೆ ಚಿಮ್ಮುವುದರಿಂದ ಗುಣಾಂಕ ಹೆಚ್ಚುತ್ತದೆ. ಇದನ್ನು ಹೀಗೆಯೇ ಬಿಟ್ಟರೆ ಆಟದ ರೂಪವೇ ಕೆಡುವುದೆಂದು ಅಮೆರಿಕದ ಗಾಲ್ಫ್ ಸಂಘವು ೧೯೯೮ರಲ್ಲಿ ಅದಕ್ಕೊಂದು ಮಿತಿಯನ್ನು ಹಾಕಿತು. ಇಂದು ಒಂದು ಲೋಲಕವನ್ನು ಮುಖಕ್ಕೆ ತಾಗಿಸಿ, ಅದು ಮುಟ್ಟಿಕೊಂಡಿರುವ ಕಾಲವನ್ನು ಅಳೆದು, ಮಿತಿ ಮೀರಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ಮಿತಿಯು ಸುಮಾರು ೦.೮೩ರ ಗುಣಾಂಕಕ್ಕೆ ಸಮವಾದುದು.

ಈಗ ಲೆಕ್ಕವನ್ನು ಮಾಡೋಣ. ನಿಯಮದಂತೆ ಚೆಂಡಿನ ದ್ರವ್ಯರಾಶಿ ೪೬ ಗ್ರಾಂ ದಾಟುವಂತಿಲ್ಲ; ತಲೆಯದು ಸುಮಾರು ೨೦೦ ಗ್ರಾಂ. ಮುಖದ ಓರೆಯನ್ನು ಗಣಿಸದಿದ್ದರೆ, ೧.೮೩ನ್ನು ೧.೨೩ರಿಂದ ಭಾಗಿಸಿದಾಗ ೧.೪೯ ಬರುತ್ತದೆ. ಎಂದರೆ, ತಲೆಯು ಗಂಟೆಗೆ ೧೦೦ ಮೈಲಿ ವೇಗದಲ್ಲಿ ಬಂದು ನಡುಮುಖದಿಂದ ಹೊಡೆದರೆ ಚೆಂಡು ಗಂಟೆಗೆ ಸುಮಾರು ೧೪೯ ಮೈಲಿ ವೇಗದಿಂದ ಹೊರಡುತ್ತದೆ. ಮಿತಿಯನ್ನು ಮುಟ್ಟಿರುವ ಎಲ್ಲ ಡ್ರೈವರುಗಳಿಗೂ, ಅವು ಯಾರು ಮಾಡಿದವೇ ಆಗಲಿ, ಈ ಸಂಖ್ಯೆ ಒಂದೇ. ಒಳ್ಳೆಯ ತಯಾರಕರೆಲ್ಲರೂ ಮಿತಿಯ ಹತ್ತಿರಕ್ಕೆ ಎಂದೋ ಬಂದು ನಿಂತಿದ್ದಾರೆ. ಉಳಿದ ದಾರಿಯೆಂದರೆ ಕಾವನ್ನು ಉದ್ದ ಮಾಡುವುದು. ಅದಕ್ಕೂ ೪೮ ಅಂಗುಲದ ಮಿತಿಯಿದೆ. ವೃತ್ತಿಪರರ ಪಂದ್ಯಗಳಲ್ಲಿ ೨೦೨೨ರಿಂದ ಅದನ್ನು ೪೬ ಅಂಗುಲಕ್ಕೆ ಇಳಿಸಲು ಅವಕಾಶವಾಗಿದೆ. ಮೇಲಾಗಿ, ಕಾವು ಉದ್ದವಾದಷ್ಟೂ ನಡುಮುಖಕ್ಕೆ ಹೊಡೆಯುವುದು ಕಷ್ಟ.

ದೂರವು ವೇಗವೊಂದರಿಂದಲೇ ಬರುವುದಿಲ್ಲವೆಂಬುದು ನಿಜ. ಚೆಂಡಿನ ಹಿಮ್ಮುಖ ತಿರುಗುವಿಕೆಯು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದೆಂದು ಎಡಿನ್‌ಬರೋದ ಭೌತವಿಜ್ಞಾನಿ ಪಿ. ಜಿ. ಟೇಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ತೋರಿಸಿದ್ದರು. ಮುಖದ ಓರೆ ಆಟಗಾರನ ಹೊಡೆತಕ್ಕೆ ಹೊಂದದಿದ್ದರೆ ಹಲವು ಗಜಗಳು ನಷ್ಟವಾಗಬಹುದು. ಆದರೆ ಇದು ಕೋಲಿಗೂ ಮನುಷ್ಯನಿಗೂ ಇರುವ ಹೊಂದಿಕೆಯ ಪ್ರಶ್ನೆ. ಹೊಸ ಕೋಲಿನ ಮೇಲ್ಮೆಯಲ್ಲ.

ಇನ್ನು ಕ್ಷಮೆಯನ್ನು ನೋಡೋಣ. ಕ್ರಿಕೆಟ್ ದಾಂಡಿನ ಅಂಚಿಗೆ ಚೆಂಡು ತಗುಲಿದಾಗ ದಾಂಡು ಕೈಯಲ್ಲಿ ತಿರುಚಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಡ್ರೈವರಿನ ತಲೆಯೂ ಹಾಗೆಯೇ ತಿರುಚಿಕೊಳ್ಳುತ್ತದೆ. ಚೆಂಡಿಗೆ ಸೇರಬೇಕಾದ ವೇಗದ ಒಂದಂಶ ಆ ತಿರುಚುವಿಕೆಯಲ್ಲಿ ವ್ಯರ್ಥವಾಗುತ್ತದೆ. ತಿರುಗಿಸುವ ಯತ್ನಕ್ಕೆ ವಸ್ತುವು ಒಡ್ಡುವ ಈ ವಿರೋಧಕ್ಕೆ ಜಡತ್ವ ಭ್ರಾಮಕವೆಂದು ಹೆಸರು. ದ್ರವ್ಯವು ನಡುವಿನಿಂದ ದೂರದಲ್ಲಿ ಹರಡಿಕೊಂಡಷ್ಟೂ ಇದು ಹೆಚ್ಚು. ಹಿಂದಿನ ಕಾಲದ ಮರದ ತಲೆ ಗಟ್ಟಿ ತುಂಡು; ಅದರಲ್ಲಿ ದ್ರವ್ಯವನ್ನು ಹರಡಲು ಎಡೆಯಿರಲಿಲ್ಲ. ೧೯೭೯ರಲ್ಲಿ ಟೇಲರ್‌ಮೇಡ್ ಸಂಸ್ಥೆಯ ಟೊಳ್ಳು ಉಕ್ಕಿನ ತಲೆ ಬಂದಿತು. ೧೯೯೧ರಲ್ಲಿ ಕ್ಯಾಲವೇ ಸಂಸ್ಥೆಯ ‘ಬಿಗ್ ಬರ್ತಾ’, ೧೯೯೫ರಲ್ಲಿ ಅದರ ಟೈಟೇನಿಯಂ ರೂಪ ಬಂದುವು. ಟೈಟೇನಿಯಂ ಉಕ್ಕಿಗಿಂತ ಹಗುರ. ಆದುದರಿಂದ ತೂಕವನ್ನು ಹೆಚ್ಚಿಸದೆಯೇ ತಲೆಯನ್ನು ಹಿಗ್ಗಿಸಲು ಸಾಧ್ಯವಾಯಿತು. ಗಾತ್ರಕ್ಕೆ ೨೦೦೪ರಿಂದ ೪೬೦ ಘನ ಸೆಂಟಿಮೀಟರುಗಳ ಮಿತಿಯಿದೆ. ನೆಟ್ಟಗಿನ ಅಕ್ಷದ ಸುತ್ತಣ ಜಡತ್ವ ಭ್ರಾಮಕಕ್ಕೆ ೨೦೦೬ರಿಂದ ೫೯೦೦ ಗ್ರಾಂ-ಚದರ ಸೆಂಟಿಮೀಟರುಗಳ ಮಿತಿಯಿದೆ.

ಹೊಡೆತವು ನಡುವಿನಿಂದ ೨ ಸೆಂಟಿಮೀಟರಿನಷ್ಟು ತಪ್ಪಿತೆನ್ನೋಣ. ಜಡತ್ವ ಭ್ರಾಮಕವು ೨೦೦೦ ಇರುವ ಚಿಕ್ಕ ತಲೆಯಾದರೆ ಚೆಂಡಿನ ವೇಗ ಶೇಕಡ ೭ರಷ್ಟು ಕುಂದುವುದೆಂದು ಲೆಕ್ಕ ಹೇಳುತ್ತದೆ. ಅದು ೫೦೦೦ಕ್ಕೆ ಏರಿದರೆ ನಷ್ಟ ಶೇಕಡ ೨.೯ ಮಾತ್ರ. ಇದು ದೊಡ್ಡ ಲಾಭ. ಸಾಮಾನ್ಯ ಆಟಗಾರನಿಗೆ ತಂತ್ರಜ್ಞಾನ ಕೊಟ್ಟ ನಿಜವಾದ ವರ. ಆದರೆ ೫೦೦೦ದಿಂದ ಮಿತಿಯಾದ ೫೯೦೦ಕ್ಕೆ ಏರಿದಾಗ ನಷ್ಟವು ೨.೯ರಿಂದ ೨.೫ಕ್ಕೆ ಇಳಿಯುತ್ತದೆ, ಅಷ್ಟೆ. ನೆಲದ ಮೇಲೆ ಇದು ಒಂದು ಗಜದಷ್ಟರ ಮಾತು. ೨೦೨೪ರಲ್ಲಿ ಕೆಲವು ಡ್ರೈವರುಗಳು ‘ಹತ್ತು ಸಾವಿರ’ ಎಂಬ ಅಂಕಿಯನ್ನು ಹೊತ್ತು ಬಂದುವು. ೫೯೦೦ರ ಮಿತಿಯಿರುವಾಗ ಇದು ಹೇಗೆ ಸಾಧ್ಯವೆಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಅದು ಎರಡು ಬೇರೆ ಬೇರೆ ಅಕ್ಷಗಳ ಸುತ್ತಣ ಬೆಲೆಗಳನ್ನು ಕೂಡಿಸಿದ ಮೊತ್ತ. ಅಂಕಿ ಸುಳ್ಳಲ್ಲ, ಆದರೆ ಅದು ಏನನ್ನು ಅಳೆಯುತ್ತದೆಂಬುದನ್ನು ಕೇಳಿ ತಿಳಿಯದೆ ಮೆಚ್ಚಿಕೊಳ್ಳುವುದು ವಿಜ್ಞಾನದ ರೀತಿಯಲ್ಲ.

ಎರಡು ಕೋಲುಗಳನ್ನು ಹತ್ತು ಹತ್ತು ಸಲ ಹೊಡೆದು, ಅವುಗಳಲ್ಲಿ ಅತಿ ದೂರ ಹೋದ ಚೆಂಡುಗಳನ್ನು ಹೋಲಿಸಿ ತೀರ್ಪು ಕೊಡುವುದು ಅಂಗಡಿಗಳ ವಾಡಿಕೆ. ಇದಕ್ಕಿಂತ ದುರ್ಬಲವಾದ ಪ್ರಯೋಗ ಮತ್ತೊಂದಿಲ್ಲ. ಒಬ್ಬ ಆಟಗಾರನ ಹೊಡೆತಗಳ ದೂರಕ್ಕೆ ೧೦ ಗಜಗಳ ಮಾನಕ ವಿಚಲನೆಯಿದೆಯೆಂದು ಇಟ್ಟುಕೊಳ್ಳೋಣ. ಸರಾಸರಿಯಲ್ಲಿ ಒಂದು ಗಜದ ವ್ಯತ್ಯಾಸವನ್ನು ನಂಬತಕ್ಕಂತೆ ತೋರಿಸಬೇಕಾದರೆ ಒಂದೊಂದು ಕೋಲಿನಿಂದಲೂ ಸುಮಾರು ೮೦೦ ಚೆಂಡುಗಳನ್ನು ಹೊಡೆಯಬೇಕಾಗುತ್ತದೆ. ಹತ್ತು ಹೊಡೆತಗಳಲ್ಲಿ ಕಂಡದ್ದು ಕೋಲಿನ ಗುಣವಲ್ಲ, ಆ ದಿನದ ಅದೃಷ್ಟ.

ಇಲ್ಲಿ ಒಂದು ಆಕ್ಷೇಪಣೆಯುಂಟು. ತಪ್ಪನ್ನು ಮನ್ನಿಸುವ ಕೋಲು ನೈಪುಣ್ಯದ ಬೆಲೆಯನ್ನು ಇಳಿಸುವುದೆಂದೂ, ನಿರ್ಭಯವಾಗಿ ಬೀಸಲು ಆಟಗಾರರನ್ನು ಪ್ರೇರಿಸುವುದೆಂದೂ ಹಲವರು ಹೇಳುತ್ತಾರೆ. ಅಮೆರಿಕದ ವೃತ್ತಿಪರರ ಸರಾಸರಿ ಡ್ರೈವ್ ೧೯೮೦ರಲ್ಲಿ ಸುಮಾರು ೨೫೭ ಗಜಗಳಿದ್ದುದು ೨೦೨೩ರ ವೇಳೆಗೆ ೩೦೦ರ ಆಸುಪಾಸಿಗೆ ಬಂದಿತು. ಚೆಂಡು ದೂರ ಹೋದಷ್ಟೂ ಮೈದಾನ ಬೆಳೆಯಬೇಕು. ಅದಕ್ಕೆ ಭೂಮಿ ಬೇಕು, ನೀರು ಬೇಕು. ಇದು ಅಲ್ಲಗಳೆಯಲಾಗದ ಮಾತು. ಆದರೆ ಈ ಚಿಂತೆ ಹುಟ್ಟುವುದು ಅತಿ ವೇಗವಾಗಿ ಬೀಸುವ ಕೆಲವರಿಂದ. ಅದಕ್ಕೆ ತಕ್ಕ ಮದ್ದು ದೂರವನ್ನು ಹಿಡಿಯುವುದೇ ಹೊರತು ಕ್ಷಮೆಯನ್ನು ಕಸಿಯುವುದಲ್ಲ. ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವುದಾಗಿ ನಿಯಮ ಸಂಸ್ಥೆಗಳು ೨೦೨೩ರ ಡಿಸೆಂಬರಿನಲ್ಲಿ ಪ್ರಕಟಿಸಿದುದು ಸರಿಯಾದ ದಿಕ್ಕಿನ ಹೆಜ್ಜೆ.

ದೂರವೇ ಸರ್ವಸ್ವವೆಂದು ತಿಳಿದವರು ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನು ನೆನೆಯಬೇಕು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅರುವತ್ತು ಮಂದಿ ಸ್ಪರ್ಧಿಗಳಲ್ಲಿ ಅತಿ ಕಡಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ನಾಲ್ಕನೆಯ ಸ್ಥಾನವನ್ನು ಗಳಿಸಿದರು. ಕಂಚಿನ ಪದಕ ವಿಜೇತೆಗಿಂತ ಅವರು ಹಿಂದಿದ್ದುದು ಒಂದೇ ಹೊಡೆತದಷ್ಟು.

ಆದುದರಿಂದ ಯಾವ ಡ್ರೈವರ್ ಮೇಲೆಂಬ ಪ್ರಶ್ನೆ ಬಂದಾಗ, ಅತಿ ಒಳ್ಳೆಯ ಹೊಡೆತ ಎಷ್ಟು ದೂರ ಹೋಯಿತೆಂದು ಕೇಳದೆ, ಕೆಟ್ಟ ಹೊಡೆತಗಳು ಎಲ್ಲಿ ಬಿದ್ದುವೆಂದು ಕೇಳಬೇಕು. ಎಲ್ಲ ಹೊಡೆತಗಳನ್ನೂ ಎಣಿಸಿದ್ದಾರೆಯೇ ಎಂದು ಕೇಳಬೇಕು. ಆಟಗಾರನಲ್ಲಿ ಈಗಾಗಲೇ ಹತ್ತು ವರ್ಷದೊಳಗಿನ ಒಳ್ಳೆಯ ಡ್ರೈವರೊಂದು ಇದ್ದರೆ, ಹೊಸದಕ್ಕೆ ಕೊಡುವ ಹಣವನ್ನು ಅಭ್ಯಾಸಕ್ಕೆ ವೆಚ್ಚಮಾಡುವುದು ಲೇಸು. ಅಭ್ಯಾಸವು ತಪ್ಪನ್ನು ೨ ಸೆಂಟಿಮೀಟರಿನಿಂದ ೧ಕ್ಕೆ ಇಳಿಸಿದರೆ, ಮೇಲಿನ ಲೆಕ್ಕದಂತೆಯೇ, ವೇಗದ ನಷ್ಟ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟು ಲಾಭವನ್ನು ಈ ವರ್ಷದ ಯಾವ ಹೊಸ ಮಾದರಿಯೂ ತಂದುಕೊಡಲಾರದು.